ನಾನು ಕೇಸ್ ನಂಬರ್ ಮೂರು

ಎದೆನೋವು ಬಂದರೆ ಮಂದಿ ಡಾಕ್ಟರ ಕಡೆ ಓಡುತ್ತಾರೆ. ಹಲ್ಲುನೋವಾದರೆ ಒಂದು ರಾತ್ರಿ ಲವಂಗ ಕಚ್ಚಿಕೊಂಡಿದ್ದು ಬೆಳಿಗ್ಗೆ ಓಡುತ್ತಾರೆ. ಚರ್ಮಕ್ಕೆ ಏನಾದರೂ ಆದಾಗ ಮಾತ್ರ ಎಲ್ಲಿಗೂ ಓಡಬೇಕಾಗಿಲ್ಲ. ಡಾಕ್ಟರುಗಳೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಕಟಿಂಗ್ ಅಂಗಡಿಯವ, ಕಿರಾಣಿಯವ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕೂತವ, ಹೆಂಡತಿಯ ಚಿಗವ್ವ, ಎಲ್ಲರೂ ಪ್ರಾಕ್ಟೀಸ್ ಇರುವವರೇ. ಪಿತ್ತಕೋಶ ಒಳಗಿದೆ, ಅದನ್ನು ನೋಡಲು ಯಂತ್ರ ಬೇಕು. ಚರ್ಮ ಹೊರಗಿದೆ, ಪುಕ್ಕಟೆ ಕಾಣುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಔಷಧ ಹೇಳದೆ ಮುಂದೆ ಹೋಗುವುದು ನಮ್ಮ ಲೋಕಾಪುರದವರ ಜಾಯಮಾನವಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಸರ್ವಿಸಿನುದ್ದಕ್ಕೂ ನನ್ನ ಮೈಮೇಲೆ ಹುಡುಗರು ಸಿಡಿಸಿದ ಶಾಯಿಯ ಕಲೆ ಬಿಟ್ಟರೆ ಬೇರೆ ಕಲೆ ಎದ್ದದ್ದಿಲ್ಲ. ಪೆನ್ಶನ್ ಶುರುವಾದ ಬೇಸಿಗೆಯಲ್ಲಿ ಸೊಂಟದ ಮೇಲೆ, ಸರಿಯಾಗಿ ಉಡದಾರ ಕೂಡುವ ಜಾಗದಲ್ಲಿ, ರೂಪಾಯಿ ಅಗಲದ ಒಂದು ಗುಂಡನೆಯ ಕಲೆ ಕಾಣಿಸಿಕೊಂಡು ತುರಿಸತೊಡಗಿತು. ಗಜಕರ್ಣ ಎಂದು ನಾನೇ ಹೇಳಿಕೊಂಡೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಹೇಳಿದ ಮಾತು ಅದೊಂದೇ.

ಮೊದಲು ಬೇವಿನ ತಪ್ಪಲ ಕುದಿಸಿದ ನೀರಿನ ಸ್ನಾನ. ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಷಿಣ. ಗಜಕರ್ಣ ಇದ್ದಲ್ಲೇ ಇತ್ತು, ನನ್ನ ಬನಿಯನ್ನುಗಳೆಲ್ಲ ಮದುವಣಿಗನವಾದವು. ಮುಧೋಳದಿಂದ ಬಂದ ಚಿಗವ್ವ ಬೆಳ್ಳುಳ್ಳಿ ಅರೆದು ಕಟ್ಟಿಸಿದಳು. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ ಎಂಬುದು ಬೆಳಗಿನ ಜಾವಕ್ಕೆ ನನಗೆ ತಿಳಿಯಿತು. ಗಜಕರ್ಣದ ಪಕ್ಕದಲ್ಲಿ ಒಂದು ಬೊಬ್ಬೆ ಎದ್ದಿತು. 'ನೋಡ್ರಿ, ವಿಷಾ ಎಲ್ಲಾ ಹೊರಗ ಬರಾಕ ಹತ್ತೈತಿ' ಎಂದು ಚಿಗವ್ವ ಬೀಗಿದಳು.

ಕೊನೆಗೆ ಔಷಧಿ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

'ಯಾರಿಗ್ರಿ?'

'ನನಗ.'

'ಎಲ್ಲಿ?'

'ನಡದ ಮ್ಯಾಲ.'

'ತಿಳೀತ್ರಿ' ಎಂದು ಕೈ ಹಿಂದಕ್ಕೆ ಚಾಚಿ, ನೋಡದೆಯೇ ಒಂದು ಟ್ಯೂಬ್ ಎಳೆದುಕೊಟ್ಟ. ರೋಗಿಯನ್ನೂ ನೋಡಲಿಲ್ಲ, ಔಷಧವನ್ನೂ ನೋಡಲಿಲ್ಲ. ಇಷ್ಟು ಆತ್ಮವಿಶ್ವಾಸವಿರುವ ವಿದ್ಯಾರ್ಥಿ ನನಗೆ ತರಗತಿಯಲ್ಲಿ ಸಿಕ್ಕಿರಲಿಲ್ಲ.

ಟ್ಯೂಬಿನ ಮೈಮೇಲೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ನಾಲ್ಕು ಔಷಧಗಳ ಹೆಸರಿತ್ತು. ಬೂಷ್ಟಿಗೊಂದು, ಬ್ಯಾಕ್ಟೀರಿಯಾಕ್ಕೊಂದು, ಆಮಶಂಕೆಗೆ ಕೊಡುವ ಜಾತಿಯದೊಂದು, ಇವುಗಳ ಜೊತೆಗೆ ಕ್ಲೋಬೆಟಾಸೋಲ್ ಎಂಬ ಭಾರಿ ಸ್ಟೀರಾಯ್ಡು. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಹಾಗೆಂದು ಟ್ಯೂಬಿನ ಮೇಲೂ ಬರೆದಿತ್ತು. ಜೀವಮಾನವಿಡೀ ಹುಡುಗರ ಒತ್ತಕ್ಷರ ತಿದ್ದಿದ ನಾನು ಅದನ್ನೊಂದು ಓದಲಿಲ್ಲ. ಬೆಲೆ ಮಾತ್ರ ಓದಿ, ಅಗ್ಗ ಎಂದು ಸಂತೋಷಪಟ್ಟೆ.

ಹಚ್ಚಿದ ರಾತ್ರಿಯೇ ತುರಿಕೆ ನಿಂತಿತು. ವಾರ ತುಂಬುವುದರೊಳಗೆ ಕೆಂಪೂ ಇಳಿಯಿತು. ನಾನು ಆ ಟ್ಯೂಬಿನ ಪ್ರಚಾರಕನಾಗಿಬಿಟ್ಟೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಯಾರ ಕೈ ಅಂಗಿಯೊಳಗೆ ಹೋದರೂ ಟ್ಯೂಬಿನ ಹೆಸರು ಹೇಳುತ್ತಿದ್ದೆ. ಪಕ್ಕದ ಮನೆಯ ರೈತನಿಗೆ ಅರ್ಧ ಟ್ಯೂಬ್ ಎರವಲು ಕೊಟ್ಟೆ. ಮುಧೋಳದ ನನ್ನ ಅಳಿಯ, ಅಂದರೆ ಹೆಂಡತಿಯ ತಮ್ಮ, ಅವನಿಗಂತೂ ಹಬ್ಬದ ಉಡುಗೊರೆಯ ಜೊತೆಗೆ ಒಂದು ಟ್ಯೂಬ್ ಇಟ್ಟುಕೊಟ್ಟೆ. ಹಚ್ಚುವುದು ಬಿಟ್ಟೊಡನೆ ಮಾತ್ರ ಗಜಕರ್ಣ ಮರಳಿ ಬರುತ್ತಿತ್ತು. ಪ್ರತಿಸಲವೂ ಸ್ವಲ್ಪ ಅಗಲವಾಗಿ, ಒಂದು ಉಂಗುರದೊಳಗೆ ಇನ್ನೊಂದು ಉಂಗುರ ಹಾಕಿಕೊಂಡು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸೊಂಟದ ಸುತ್ತ ಒಂದು ಡಾಬೇ ತಯಾರಾಗಿತ್ತು.

ನಮ್ಮೂರಲ್ಲಿ ಎಂಬಿಬಿಎಸ್ ಓದಿ ದವಾಖಾನೆ ಇಟ್ಟಿರುವವ ನನ್ನ ಹಳೆಯ ವಿದ್ಯಾರ್ಥಿ. ಕನ್ನಡದಲ್ಲಿ ನಾನು ಅವನನ್ನು ಅಂಚಿನ ಮೇಲೆ ಪಾಸು ಮಾಡಿದ್ದೆ. ಹೀಗಾಗಿ ಅವನ ಮುಂದೆ ಅಂಗಿ ಎತ್ತುವುದನ್ನು ಆದಷ್ಟು ಮುಂದೂಡಿದ್ದೆ. ಕೊನೆಗೆ ಎತ್ತಿದೆ. ಅವನು ಬಗ್ಗಿ, ದೀಪ ಹಿಡಿದು, ಲೆನ್ಸ್ ಇಟ್ಟು, ಸುತ್ತ ತಿರುಗಿಸಿ ನೋಡಿದ. ಮುಖ ಅರಳಿತು.

'ಸರ್ರ, ಇಷ್ಟ ದಿನಾ ಎಲ್ಲಿ ಇಟ್ಟಿದ್ರಿ ಇದನ್ನ?'

'ಇಲ್ಲೇ ಇತ್ತಪಾ.'

'ಏನು ಹಚ್ಚೀರಿ?'

ಹೇಳಿದೆ. ಅವನು ಕುರ್ಚಿಗೆ ಒರಗಿ, ನನ್ನದೇ ಧಾಟಿಯಲ್ಲಿ ಪಾಠ ಶುರು ಮಾಡಿದ. 'ಸರ್ರ, ನೀವು ಬೆತ್ತಾ ಹಿಡಿದು ಕ್ಲಾಸಿಗೆ ಬಂದಾಗ ನಾವೆಲ್ಲಾ ಗಪ್‌ಚಿಪ್. ನೀವು ಸ್ಟಾಫ್ ರೂಮಿಗೆ ಹೋದ ಕೂಡ್ಲೆ ಬೆಂಚ್ ಮ್ಯಾಲ ಕುಣೀತಿದ್ವಿ. ಸ್ಟೀರಾಯ್ಡ್ ಅಂದ್ರ ಆ ಬೆತ್ತ. ತುರಿಕಿ ಗಪ್ಪಾಗ್ತೈತಿ, ಬೂಷ್ಟು ಮಾತ್ರ ಬೆಂಚಿನ ಕೆಳಗ ಕುಂತು ಬೆಳೀತೈತಿ. ಅದನ್ನ ತಡೀಬೇಕಾಗಿದ್ದ ಚರ್ಮದ ಶಕ್ತೀನೂ ಬೆತ್ತಕ್ಕ ಅಂಜಿ ಮೂಲ್ಯಾಗ ಕುಂತಿರ್ತೈತಿ.'

ಇಷ್ಟು ಚೆನ್ನಾಗಿ ಉಪಮೆ ಕೊಡುವವನಿಗೆ ಯಾಕೆ ಅಷ್ಟು ಕಡಿಮೆ ಅಂಕ ಹಾಕಿದೆ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಮುಖ್ಯ ವಿಷಯಕ್ಕೆ ಬಂದ. ಬರುವ ರವಿವಾರ ಬಾಗಲಕೋಟೆಯಲ್ಲಿ ಡಾಕ್ಟರುಗಳಿಗಾಗಿ ಚರ್ಮರೋಗದ ಸಿಎಂಇ ಇದೆ. ಕಂಟಿನ್ಯೂಯಿಂಗ್ ಮೆಡಿಕಲ್ ಎಜುಕೇಶನ್. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಡಾಕ್ಟರಾದವರು 5 ವರ್ಷಕ್ಕೆ 30 ಗಂಟೆಯಾದರೂ ಇಂಥ ಪಾಠಕ್ಕೆ ಕೂಡಬೇಕು. ಈ ಸಲ ಬರೀ ಭಾಷಣವಲ್ಲ, ಜೀವಂತ ಕೇಸುಗಳನ್ನು ತೋರಿಸುವುದಿದೆ. 'ನೀವು ಬಂದ್ರ ನನ್ನ ಮರ್ಯಾದಿ ಉಳೀತೈತಿ ಸರ್ರ. ಇಂಥಾ ಕೇಸು ಪುಸ್ತಕದಾಗೂ ಸಿಗೂದಿಲ್ಲ.'

ಡಾಕ್ಟರಾದ ಮೇಲೂ ಕಲಿಯುವುದು ಇರುತ್ತದೆಯೇ ಎಂದು ಕೇಳಿದೆ. 'ಎಂಬಿಬಿಎಸ್‌ನ್ಯಾಗ ಚರ್ಮರೋಗಕ್ಕ ಕೊಟ್ಟದ್ದು ಕೆಲವೇ ವಾರ ಸರ್ರ. ಇಲ್ಲಿ ಕುಂತ್ರ ಮುಂಜಾನಿಂದ ಸಂಜೀತನಾ ಕೆರಕೋತನ ಬರ್ತಾರ' ಎಂದ. ನಾನು ತಕ್ಷಣ ಒಪ್ಪಿಕೊಂಡೆ. ಶಿಕ್ಷಕರ ತರಬೇತಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡಿದ್ದೇ ನನ್ನ ಅನುಭವ; ಈ ಸಲ ಪಠ್ಯಪುಸ್ತಕವೇ ಆಗಿ ಹೋಗುವ ಅವಕಾಶ. ಅವನು ಎರಡು ಷರತ್ತು ಹಾಕಿದ. ಹೋಗುವವರೆಗೆ ಮೈಗೆ ಏನೂ ಹಚ್ಚಕೂಡದು. ಇದುವರೆಗೆ ಹಚ್ಚಿದ್ದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರಬೇಕು.

ಟ್ಯೂಬ್ ನಿಲ್ಲಿಸಿದ ಮೇಲೆ ನನ್ನ ಸೊಂಟ ಹೋಳಿ ಆಚರಿಸಿತು. ಕೆಂಪು, ಉರಿ, ತುರಿಕೆ. ಬಾಗಿಲ ಚೌಕಟ್ಟು ಕಂಡರೆ ಬೆನ್ನು ಉಜ್ಜಬೇಕೆನಿಸುತ್ತಿತ್ತು. ಹೇಗೋ ಶನಿವಾರದವರೆಗೆ ಹಲ್ಲು ಕಚ್ಚಿ ತಡೆದೆ. ಶನಿವಾರ ಸಂಜೆ ಮುಧೋಳದಲ್ಲಿ ಅಳಿಯನ ಮಗಳ ನಿಶ್ಚಯ. ಬೀಗರ ಎದುರು ಸೊಂಟ ಕೆರೆದುಕೊಳ್ಳುವ ಹಿರಿಯನನ್ನು ಕಂಡರೆ ಗಂಡಿನ ಕಡೆಯವರು ಏನೆಂದುಕೊಂಡಾರು? ಒಂದು ಹುಡುಗಿಯ ಬಾಳಿನ ಪ್ರಶ್ನೆ. ಬಚ್ಚಲಮನೆಗೆ ಹೋಗಿ, ಟ್ಯೂಬಿನ ಬಾಲ ಸುರುಳಿ ಸುತ್ತಿ, ಉಳಿದ ಕೊನೆಯ ಹನಿಯವರೆಗೆ ಹಿಂಡಿ ಹಚ್ಚಿಕೊಂಡೆ. ನಿಶ್ಚಯ ಸುಸೂತ್ರವಾಗಿ ಆಯಿತು. ನಿಶ್ಚಯದುದ್ದಕ್ಕೂ ಕೆರೆದುಕೊಂಡವರು ಗಂಡಿನ ತಂದೆ.

ರವಿವಾರ ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದಿಟ್ಟಿದ್ದಳು. 'ಅಷ್ಟ ಮಂದಿ ಡಾಕ್ಟರ ಮುಂದ ಅಂಗಿ ಬಿಚ್ಚಾವ್ರು ಬೆವರ ನಾರಬಾರದು' ಎಂದು ಸೊಂಟದ ಸುತ್ತ ಪೌಡರನ್ನೂ ಧಾರಾಳವಾಗಿ ಬಡಿದಳು. ಹೊಸ ಉಡದಾರ ಕಟ್ಟಿದಳು. ಔಷಧಗಳನ್ನೆಲ್ಲ ಸೀರೆ ಅಂಗಡಿಯ ಚೀಲಕ್ಕೆ ತುಂಬಿ ನನ್ನ ಕೈಗಿತ್ತಳು.

ಡಾಕ್ಟರನ ಕಾರಿನಲ್ಲಿ ಹೊರಟೆವು. ಎಷ್ಟೋ ವರ್ಷದಿಂದ ನಮ್ಮನ್ನು ಆಸೆಯಲ್ಲಿಟ್ಟಿರುವ ಬಾಗಲಕೋಟೆ–ಕುಡಚಿ ರೈಲುಮಾರ್ಗ, ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದು ಈಗ ದಾಳಿಂಬೆಗೆ ಹೆಸರಾದ ಕಲಾದಗಿ, ಎಲ್ಲ ದಾಟಿ ನವನಗರ ಹೊಕ್ಕೆವು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಈ ನಗರದಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು. ಎಲ್ಲ ಸೆಕ್ಟರಿನಲ್ಲೂ ಒಂದೇ ನಮೂನೆಯ ರಸ್ತೆ, ಒಂದೇ ನಮೂನೆಯ ತಿರುವು. ದಾರಿ ಕೇಳಿದವರೆಲ್ಲ 'ಮುಂದಿನ ಸೆಕ್ಟರ್' ಎಂದು ಕಳಿಸಿ, ನಾವು ಸಭಾಂಗಣ ತಲುಪುವ ಹೊತ್ತಿಗೆ ಉದ್ಘಾಟನೆಯ ಭಾಷಣಗಳು ಮುಗಿದಿದ್ದವು. ಈ ಲಾಭಕ್ಕಾಗಿ ನವನಗರವನ್ನು ಕಟ್ಟಿದ ಎಂಜಿನಿಯರುಗಳಿಗೆ ನಾನು ಋಣಿ.

ಕೇಸುಗಳನ್ನು ಪಕ್ಕದ ಕೋಣೆಯಲ್ಲಿ ಸಾಲಾಗಿ ಕೂರಿಸಿದ್ದರು. ಅಂಗಿಯ ಕಿಸೆಗೆ ಚೀಟಿ: ನನ್ನದು ಕೇಸ್ ನಂಬರ್ 3. ಒಂದನೆಯವ ಗೌಂಡಿ. ಅವನ ಅಂಗೈ, ಕೈಯ ಹಿಂಬದಿಯೆಲ್ಲ ಸೀಳು, ಗಡಸು. ಹಸಿ ಸಿಮೆಂಟಿನಲ್ಲಿರುವ ಕ್ರೋಮಿಯಂ ಚರ್ಮಕ್ಕೆ ಒಮ್ಮೆ ಒಗ್ಗದಾಯಿತೆಂದರೆ ಮುಂದೆ ಸ್ವಲ್ಪ ತಾಗಿದರೂ ಹೀಗಾಗುತ್ತದಂತೆ. ಎರಡನೆಯವಳು ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಅಕ್ಕ. ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಸಂದುಗಳೆಲ್ಲ ದಪ್ಪಗಟ್ಟಿ ಕಪ್ಪಾಗಿದ್ದವು. ಅದು ಕಾಂಗ್ರೆಸ್ ಕಸದ ಅಲರ್ಜಿ. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಆ ಗಿಡ ಈಗ ನಮ್ಮ ಪ್ರತಿ ಬದುವಿನ ಮೇಲೂ ಇದೆ. ಮುಟ್ಟಲೇಬೇಕೆಂದಿಲ್ಲ, ಅದರ ಪುಡಿ ಗಾಳಿಯಲ್ಲಿ ತೇಲಿ ಬಂದು ಕೂತರೂ ಸಾಕು. ಯಾರೋ ಆಕೆಗೆ ಬಂಗು ಎಂದು ಮುಖ ಬಿಳಿಯಾಗುವ ಕ್ರೀಮು ಬರೆದುಕೊಟ್ಟಿದ್ದರಂತೆ. ನಾಲ್ಕನೆಯವರು ಒಬ್ಬ ಅಜ್ಜ. ಬೆನ್ನ ಮೇಲೆ ಒಂದೇ ಒಂದು ತಿಳಿಬಣ್ಣದ ಮಚ್ಚೆ. ತುರಿಕೆಯಿಲ್ಲ, ನೋವಿಲ್ಲ.

'ಅಷ್ಟೇ ಏನ್ರಿ?' ಎಂದೆ ನಾನು, ನನ್ನ ಡಾಬನ್ನು ನೆನೆದು ತುಸು ಹೆಮ್ಮೆಯಿಂದಲೇ.

'ಅಷ್ಟೇ' ಎಂದರು ಅಜ್ಜ.

ಡಾಕ್ಟರುಗಳು ತಂಡತಂಡವಾಗಿ ಬಂದರು. ಎಲ್ಲರ ಕೈಯಲ್ಲೂ ಒಂದು ಕಾಗದ. ಪ್ರತಿ ಕೇಸನ್ನು ನೋಡಿ, ರೋಗ ಯಾವುದೆಂದು ಬರೆದು ಡಬ್ಬಿಗೆ ಹಾಕಬೇಕು. ಅಂದರೆ ಪರೀಕ್ಷೆ! ನನ್ನೊಳಗಿನ ಮಾಸ್ತರ ಎದ್ದು ಕೂತ. ಅಂಗಿ ಎತ್ತಿ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದರೂ ಕಿಟಕಿಯ ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಒಬ್ಬರು ಪಕ್ಕದವರ ಕಾಗದ ಇಣುಕಿ ನೋಡಿ ಬರೆದದ್ದು ಕಂಡು 'ಏಯ್' ಎನ್ನುವುದು ಗಂಟಲಿಗೆ ಬಂದಿತ್ತು. ಅಂಗಿ ಎತ್ತಿಕೊಂಡು ನಿಂತವನಿಗೆ ಮೇಲ್ವಿಚಾರಣೆಯ ಅಧಿಕಾರವಿಲ್ಲ ಎಂದು ನೆನಪಾಗಿ ನುಂಗಿದೆ.

'ಬಾರ್ಡರ್ ನೋಡ್ರಿ' ಎಂದರು ಒಬ್ಬರು. 'ಬಾರ್ಡರ್ ಭಾರಿ ಐತಿ, ಆದ್ರ ಅಲ್ಲಲ್ಲಿ ಮಾಸೇತಿ' ಎಂದರು ಇನ್ನೊಬ್ಬರು. ಇಳಕಲ್ ಸೀರೆಯ ಹೊರತಾಗಿ ಬಾರ್ಡರ್ ಬಗ್ಗೆ ಇಷ್ಟು ಕಾಳಜಿಯ ಮಾತು ನಮ್ಮ ಜಿಲ್ಲೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮೊಬೈಲ್ ಟಾರ್ಚು, ಲೆನ್ಸು, ಫೋಟೊ. ಹಿರಿಯ ಡಾಕ್ಟರೊಬ್ಬರು ಕಿರಿಯರಿಗೆ ಹೇಳುತ್ತಿದ್ದರು: ಪುಸ್ತಕದ ಚಿತ್ರಗಳಲ್ಲಿ ಹೆಚ್ಚಿನವು ಬಿಳಿಯರ ಚರ್ಮದವು, ಅಲ್ಲಿ ಉರಿಯೂತ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ನಮ್ಮ ಚರ್ಮದ ಮೇಲೆ ಅದೇ ಉರಿಯೂತ ಕಂದು, ನೇರಳೆ, ಬೂದು. ಲಂಡನ್ನಿನಲ್ಲಿ ಮಲೋನ್ ಮುಕ್ವೆಂಡೆ ಎಂಬ ವೈದ್ಯಕೀಯ ವಿದ್ಯಾರ್ಥಿ ಈ ಕೊರತೆ ತುಂಬಲು 2020ರಲ್ಲಿ ಇನ್ನಿಬ್ಬರೊಡನೆ ಕೂಡಿ ಕಪ್ಪು, ಕಂದು ಚರ್ಮದ ಚಿತ್ರಗಳದೇ ಒಂದು ಕೈಪಿಡಿ ತಂದನಂತೆ. 'ಇವ್ರ ಬಣ್ಣಾ ನೋಡ್ರಿ, ಕಲಿಯಾಕ ಇದಕ್ಕಿಂತ ಚಲೋದು ಸಿಗೂದಿಲ್ಲ' ಎಂದರು. ಇದೇ ಬಣ್ಣದಿಂದಾಗಿ ಕನ್ಯೆ ಸಿಗದೆ ನನ್ನವ್ವ ಊರೂರು ಅಲೆದಿದ್ದಳು. ಆ ಮನೆಗಳ ವಿಳಾಸ ಈಗ ಇದ್ದಿದ್ದರೆ ಪತ್ರ ಬರೆಯುತ್ತಿದ್ದೆ.

ಗಂಡಾಂತರ ಬಂದದ್ದು ಆಮೇಲೆ. ಒಬ್ಬ ಯುವಕ ಡಾಕ್ಟರ್ ಬಹಳ ಹೊತ್ತು ನೋಡಿ 'ಹ್ಯಾನ್ಸನ್ಸ್ ಇರಬಹುದೇನ್ರಿ?' ಎಂದ. ಪಕ್ಕದವರು 'ಸ್ಪರ್ಶ ನೋಡು' ಎಂದರು. ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಮುಟ್ಟಿದಾಗಲೆಲ್ಲ ಹೇಳಬೇಕು ಎಂದರು. ಪರೀಕ್ಷೆ ಎಂದ ಮೇಲೆ ಪೂರ್ತಿ ಅಂಕ ತೆಗೆಯಬೇಕಲ್ಲ. 'ಈಗ ಮುಟ್ಟಿದ್ರಿ' ಎಂದೆ. 'ಈಗ.' 'ಈಗ್ಲೂ.' 'ಇದು ಎಡಕ್ಕ.'

'ಸರ' ಎಂದ ಯುವಕ, 'ನಾ ಇನ್ನೂ ಹತ್ತಿ ತಗೊಂಡ ಇಲ್ರಿ.'

ಅವರು ನಕ್ಕು ಮುಂದೆ ಹೋದ ಮೇಲೆ ಹ್ಯಾನ್ಸನ್ಸ್ ಎಂದರೇನೆಂದು ಅಜ್ಜನನ್ನು ಕೇಳಿದೆ. 'ಕುಷ್ಠ' ಎಂದರು, ಹವಾಮಾನ ಹೇಳುವ ದನಿಯಲ್ಲಿ. ನನ್ನ ಮೊಣಕಾಲು ನಡುಗಿ ಕುರ್ಚಿ ಹಿಡಿದೆ. 'ಅಂಜಬ್ಯಾಡ್ರಿ, ಅದು ನಂದು' ಎಂದರು. ಮಚ್ಚೆಯ ಮೇಲೆ ಪೆನ್ನು ಒತ್ತಿದರೂ ಅವರಿಗೆ ತಿಳಿಯುವುದಿಲ್ಲ, ಅದೇ ಗುರುತು. ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ, ಕೆಲವೇ ಮಚ್ಚೆ ಇದ್ದವರಿಗೆ 6 ತಿಂಗಳು, ಹೆಚ್ಚಿದ್ದವರಿಗೆ 12 ತಿಂಗಳು; ನುಂಗಿದರೆ ವಾಸಿ. 2005ರ ಡಿಸೆಂಬರಿನಲ್ಲಿ ದೇಶದ ಲೆಕ್ಕ 10,000 ಜನಕ್ಕೆ ಒಂದಕ್ಕಿಂತ ಕೆಳಗಿಳಿದಾಗ ಕುಷ್ಠ ಹೋಯಿತೆಂದು ಬಹಳ ಮಂದಿ ಮರೆತುಬಿಟ್ಟರು. ಹೀಗಾಗಿ ಅದನ್ನು ಗುರುತಿಸುವುದನ್ನು ಈಗ ಹೊಸದಾಗಿ ಕಲಿಸಬೇಕಾಗಿದೆ. ತುರಿಸದ, ನೋಯದ, ಸದ್ದಿಲ್ಲದ ಆ ಒಂದು ಮಚ್ಚೆಯ ಮುಂದೆ ನನ್ನ ಡಾಬಿನ ಅಬ್ಬರ ಯಾತಕ್ಕೂ ಸಾಲದು ಎಂದು ತಿಳಿದು ಸುಮ್ಮನೆ ಕೂತೆ.

ಊಟಕ್ಕೆ ಬಿಟ್ಟರು. ರೊಟ್ಟಿ, ಝುಣಕ, ಎಣ್ಣೆಗಾಯಿ ಪಲ್ಯ. ಮುಂಜಾನೆಯಿಂದ ಅಷ್ಟೊಂದು ಡಾಕ್ಟರುಗಳು ನನ್ನನ್ನು ಕೂಲಂಕಷವಾಗಿ ನೋಡಿದ್ದಾರೆ, ಎಲ್ಲರೂ ಮಾತಾಡಿಸುತ್ತಾರೆ ಎಂದುಕೊಂಡು ನಗುಮುಖ ಹೊತ್ತು ಹೋದೆ. ಒಬ್ಬರೂ ಗುರುತು ಹಿಡಿಯಲಿಲ್ಲ. ಅಂಗಿ ಇಳಿದ ಮೇಲೆ ನಾನು ಯಾರೋ. ನನ್ನ ಮುಖವನ್ನು ಅಲ್ಲಿ ಯಾರೂ ನೋಡಿಯೇ ಇರಲಿಲ್ಲ. ಚೀಟಿಯನ್ನು, ತೊಟ್ಟ ಅಂಗಿಗೆ ಹೊಂದುವುದಿಲ್ಲವೆಂದು ಆಗಲೇ ತೆಗೆದು ಕಿಸೆಗೆ ಹಾಕಿಕೊಂಡಿದ್ದೆ.

ಮಧ್ಯವಯಸ್ಸಿನ ಡಾಕ್ಟರೊಬ್ಬರು ಪಕ್ಕಕ್ಕೆ ಬಂದು ಕೂತರು. 'ಯಾವ ಕಡೆಯವ್ರು ಸರ್ ತಾವು?'

'ಲೋಕಾಪುರ.'

'ಎಷ್ಟ ವರ್ಷ ಆತ್ರಿ ಪ್ರಾಕ್ಟೀಸ್?'

'ರಿಟೈರ್ ಆಗೇನ್ರಿ' ಎಂದೆ. ಇದು ಸುಳ್ಳಲ್ಲ.

'ಆ ಮೂರನೇ ಕೇಸಿಗೆ ಏನ್ ಬರದ್ರಿ?'

ಇಲ್ಲಿ ನಿಜ ಹೇಳಿ ಎದ್ದುಬಿಡಬಹುದಿತ್ತು. ಆದರೆ ನನ್ನ ಬಾಯಿ, ಸರ್ವಿಸಿನಲ್ಲೂ ಹೀಗೇ, ಉತ್ತರ ಗೊತ್ತಿರುವ ಪ್ರಶ್ನೆ ಬಂದರೆ ನಿಲ್ಲುವುದಿಲ್ಲ. 'ಗಜಕರ್ಣ' ಎಂದೆ, ಗಂಭೀರವಾಗಿ.

'ಹೌದೇನ್ರಿ? ನಾ ಎಕ್ಸಿಮಾ ಬರದೇನಿ. ನಮ್ಮ ಗೆಳೆಯಾ ಸೋರಿಯಾಸಿಸ್ ಅಂದ. ಆ ಮುದುಕಾ ಅಷ್ಟ ಪೌಡರ್ ಬಡಕೊಂಡು ಬಂದಾನ, ಏನ್ ಕಾಣಬೇಕು ಹೇಳ್ರಿ!'

'ಮಂದಿಗೆ ಬುದ್ಧಿ ಇರೂದಿಲ್ರಿ' ಎಂದೆ. ಅಷ್ಟಕ್ಕೇ ಬಿಡಲಿಲ್ಲ. ರೊಟ್ಟಿ ಮುರಿಯುತ್ತ, ನಾಲ್ಕು ಔಷಧ ಕೂಡಿದ ಒಂದು ಟ್ಯೂಬ್ ಇದೆ, ಎಂಥ ತುರಿಕೆಯಾದರೂ ರಾತ್ರಿ ಬೆಳಗಾಗುವುದರಲ್ಲಿ ನಿಲ್ಲಿಸುತ್ತದೆ ಎಂದು ಅನುಭವದ ಮಾತು ಹೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. 'ಸರ್, ಮಧ್ಯಾಹ್ನ ಮೇಡಂ ಮುಂದ ಇದನ್ನ ಅನ್ನಬ್ಯಾಡ್ರಿ. ಹೊರಗ ಕಳಸ್ತಾರ.'

ಮಧ್ಯಾಹ್ನದ ಪಾಠ ಒಬ್ಬ ಚರ್ಮತಜ್ಞೆಯದು. ಮೂರನೇ ಕೇಸನ್ನು ವೇದಿಕೆಗೆ ಕರೆಯಿರಿ ಎಂದರು. ನಾನು ಹಿಂದಿನಿಂದ ಎದ್ದು ನಡೆದು, ಊಟದ ಗೆಳೆಯರ ಸಾಲು ದಾಟಿ, ಮೆಟ್ಟಿಲು ಹತ್ತಿ ಅಂಗಿ ಎತ್ತಿದೆ. ಕೆಳಗೆ ಅವರ ಕೈಯಲ್ಲಿದ್ದ ಚಹಾ ಕಪ್ಪು ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

ಮೇಡಂ ನನ್ನನ್ನೇ ಕೇಳಿದರು: 'ಇಲ್ಲಿಗೆ ಬರೂ ಮುಂದ ಏನರ ಹಚ್ಚೀರೇನ್ರಿ ಅಜ್ಜಾರ?'

'ಏನೂ ಇಲ್ರಿ.' ತುಂಬಿದ ಸಭೆಯ ಮುಂದೆ ಬೇರೆ ಏನು ಹೇಳಲಿ?

ಅವರು ಸಣ್ಣ ಚಾಕುವಿನ ಮೊಂಡು ಅಂಚಿನಿಂದ ಉಂಗುರದ ಅಂಚನ್ನು ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರು. ಚರ್ಮದ ಕೋಶಗಳು ಕರಗಿ, ಬೂಷ್ಟಿದ್ದರೆ ಅದರ ಎಳೆಗಳು ಮಾತ್ರ ಉಳಿಯುತ್ತವೆ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ, ಖರ್ಚೂ ಅಷ್ಟೇ, ಸೂಕ್ಷ್ಮದರ್ಶಕ ಇರುವ ಯಾವ ಸಣ್ಣ ದವಾಖಾನೆಯಲ್ಲೂ ಆಗುತ್ತದೆ ಎಂದರು. ಅದು ನೆನೆಯುವವರೆಗೆ ನನ್ನ ಚೀಲವನ್ನು ಮೇಜಿನ ಮೇಲೆ ಸುರಿದರು. ಅರಿಷಿಣದ ಡಬ್ಬಿ, ಬೇವಿನ ಎಣ್ಣೆ, ಟ್ಯೂಬು, ಟ್ಯೂಬು, ಮತ್ತೆ ಟ್ಯೂಬು. ಸಭೆ ಎದ್ದು ಬಂದು ಫೋಟೊ ತೆಗೆಯಿತು. ನನ್ನ ಸೊಂಟಕ್ಕೆ ಸಿಗದ ಗೌರವ ಸೀರೆ ಅಂಗಡಿಯ ಚೀಲಕ್ಕೆ ಸಿಕ್ಕಿತು. ಮೇಡಂ ಒಂದು ಟ್ಯೂಬ್ ಎತ್ತಿ ಹಿಡಿದರು. ಬಾಲ ಸುರುಳಿ ಸುತ್ತಿತ್ತು; ಮೂತಿಯಲ್ಲಿ ಇನ್ನೂ ಒಣಗದ ಬಿಳಿ ಹನಿ.

'ಇದು ಯಾವಾಗಿಂದ್ರಿ?'

'ನಿಶ್ಚಯ ಇತ್ರಿ' ಎಂದೆ.

ನಗೆ ಅಡಗಿದ ಮೇಲೆ ಮೇಡಂ ಡಬ್ಬಿಯೊಳಗಿನ ಕಾಗದಗಳನ್ನು ಓದಿದರು. ಎಕ್ಸಿಮಾ, ಸೋರಿಯಾಸಿಸ್, ಕುಷ್ಠ, ಪೌಡರಿನ ಅಲರ್ಜಿ. ಒಬ್ಬರು 'ಬೆಳ್ಳುಳ್ಳಿ' ಎಂದು ಬರೆದಿದ್ದರು. ಅವರು ಹಳ್ಳಿಯಲ್ಲಿ ಕೆಲಸ ಮಾಡಿದವರಿರಬೇಕು. ಗಜಕರ್ಣ ಎಂದವರು ಬೆರಳೆಣಿಕೆ. 'ತಪ್ಪು ನಿಮ್ದಲ್ಲ, ಈ ಟ್ಯೂಬು ಗಜಕರ್ಣಕ್ಕ ವೇಷ ಹಾಕಸ್ತೈತಿ' ಎಂದರು ಮೇಡಂ. ಅದಕ್ಕೇ ಅಂಗಿ ಎತ್ತಿಸುವ ಮೊದಲು ಚೀಲ ಬಿಚ್ಚಿಸಬೇಕಂತೆ. ಏನು ಹಚ್ಚಿದೆ, ಮನೆಯಲ್ಲಿ ಮತ್ತೆ ಯಾರಿಗಿದೆ, ಬೇರೆಲ್ಲಿ ಎದ್ದಿದೆ ಎಂದು ಕೇಳದೆ ಚರ್ಮದ ಔಷಧ ಬರೆಯಕೂಡದು. ಎಲ್ಲರಿಗೂ ಕಾಣುವ ರೋಗ ಎಂದೇ ಅದನ್ನು ಯಾರೂ ನಿಂತು ನೋಡುವುದಿಲ್ಲ ಎಂದರು. ಕೌಂಟರಿನ ಹುಡುಗನ ಹಿಂದಕ್ಕೆ ಚಾಚಿದ ಕೈ ನನ್ನ ಕಣ್ಣ ಮುಂದೆ ಬಂತು. ಅವನೊಬ್ಬನದೇ ಏನು, ಚಹಾದಂಗಡಿಯಲ್ಲಿ ಕೂತ ನನ್ನದೂ ಅಷ್ಟೇ ಉದ್ದದ ಕೈ.

ಸೂಕ್ಷ್ಮದರ್ಶಕದ ಚಿತ್ರ ಪರದೆಯ ಮೇಲೆ ಬಂತು. ಅಡ್ಡಗೆರೆ ಬಿದ್ದ, ಕವಲೊಡೆದ ಎಳೆಗಳು, ಎಲ್ಲೆಲ್ಲೂ. ನಡುನಡುವೆ ಮಿನುಗುವ ಹರಳುಗಳು ಯಾವುವೆಂದು ಒಬ್ಬರು ಕೇಳಿದರು. 'ಪೌಡರ್' ಎಂದರು ಮೇಡಂ. ಈಗ ನಮ್ಮ ದೇಶದಲ್ಲಿ ಹಬ್ಬಿರುವ ಬೂಷ್ಟು ಹಳೆಯ ಬೂಷ್ಟಲ್ಲವಂತೆ. ಜಪಾನಿನಲ್ಲಿದ್ದ ಭಾರತ, ನೇಪಾಳ ಮೂಲದ ರೋಗಿಗಳಲ್ಲಿ ಅದನ್ನು ಗುರುತಿಸಿ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಮೊದಲೆಲ್ಲ ಸುಲಭವಾಗಿ ಕೊಲ್ಲುತ್ತಿದ್ದ ಟರ್ಬಿನಾಫಿನ್ ಗುಳಿಗೆಗೆ ಇದು ಅನೇಕ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಿಂದಲೂ ವರದಿಯಾಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅಮೆರಿಕದ ವೀಸಾಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ದೇಶದ ಹೆಸರು ಹೊತ್ತು ಚೀಟಿಯಿಲ್ಲದೆ ದಾಟಿದ್ದು ಇದು.

ಸಂಜೆ ಡಾಕ್ಟರುಗಳೆಲ್ಲ ಸರ್ಟಿಫಿಕೇಟಿಗೆ ಸಾಲು ನಿಂತರು. ನಾನೂ ನಿಂತೆ. ನೋಂದಣಿ ಸಂಖ್ಯೆ ಕೇಳಿದಾಗ, ಕಲಿತವರಿಗೆ ಕ್ರೆಡಿಟ್ ಗಂಟೆ ಕೊಡುವಾಗ ಕಲಿಸಿದವನಿಗೂ ಕೊಡಬೇಕಲ್ಲ ಎಂದು ವಾದಿಸಿದೆ. ಹಿಂದೆ ನಿಂತಿದ್ದ ಊಟದ ಗೆಳೆಯರು 'ಕೊಡ್ರಿ ಪಾಪ, ಅವ್ರೊಬ್ರೇ ಕರೆಕ್ಟ್ ಉತ್ತರ ಹೇಳಿದ್ರು' ಎಂದರು.

ಅಲ್ಲಿಂದ ಮುಂದೆ ಚಿಕಿತ್ಸೆಯ ಕತೆ ಬೇಸರದ್ದು, ಉದ್ದವೂ ಹೌದು. ತಿಂಗಳುಗಟ್ಟಲೆ ಊಟವಾದ ಮೇಲೆ ಇಟ್ರಾಕೊನಜೋಲ್ ಗುಳಿಗೆ. ಉಡದಾರಕ್ಕೆ ವಿದಾಯ, ಬೆವರು ಹಿಡಿದಿಟ್ಟುಕೊಳ್ಳುವ ದಾರದಲ್ಲಿ ಬೂಷ್ಟೂ ಉಳಿಯುತ್ತದಂತೆ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಟವೆಲ್ಲು ಒಬ್ಬರದು ಒಬ್ಬರು ಮುಟ್ಟಕೂಡದು. ಮನೆಯವರನ್ನೂ ನೋಡಬೇಕೆಂದ ಡಾಕ್ಟರನಿಗೆ ಹೆಂಡತಿಯ ಮೊಣಕೈಯಲ್ಲಿ ಒಂದು ಉಂಗುರ ಸಿಕ್ಕಿತು. 'ನಮ್ಮ ಲಗ್ನದಾಗ ಉಂಗುರಾ ಹಾಕಿದ್ದಿಲ್ಲ, ಈಗ ಹಾಕಿದ್ರಿ' ಎಂದಳು. ಟ್ಯೂಬ್ ಹಂಚಿದ ಪಾಪಕ್ಕೆ, ಯಾರ್‍ಯಾರಿಗೆ ಹೇಳಿದ್ದೆನೋ ಅವರ ಮನೆಗೆಲ್ಲ ಹೋಗಿ ಟ್ಯೂಬ್ ವಾಪಸು ತಂದು ಅವರನ್ನು ದವಾಖಾನೆಗೆ ಕಳಿಸುವ ಕೆಲಸವನ್ನೂ ನನಗೇ ವಹಿಸಿದ. ಎರವಲು ಹೋದ ಪುಸ್ತಕ ಮರಳಿ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಟ್ಯೂಬಿನ ವಿಷಯದಲ್ಲಿ ಮಂದಿ ಅದಕ್ಕಿಂತಲೂ ಗಟ್ಟಿ. ಅಳಿಯ ಅಂತೂ ಫೋನ್ ಎತ್ತುವುದನ್ನೇ ಬಿಟ್ಟ.

ಕೊನೆಯ ತಪಾಸಣೆಗೆ ಹೆಂಡತಿಯೂ ಬಂದಿದ್ದಳು. ಡಾಕ್ಟರ ಲೆನ್ಸ್ ಹಿಡಿದು ಸುತ್ತ ನೋಡಿದ. ಸೊಂಟ ಬೋಳಾಗಿತ್ತು. 'ಎಲ್ಲಾ ಹೋತ್ರಿ ಸರ್ರ' ಎಂದ, ಸಂತೋಷದಿಂದ.

ನಾನು ಅಂಗಿ ಇಳಿಸುತ್ತ ಕೇಳಿದೆ: 'ಮುಂದಿನ ಸಿಎಂಇ ಯಾವಾಗಪಾ?'

'ಐತ್ರಿ, ಬ್ಯಾಸಿಗ್ಯಾಗ. ಆದ್ರ ಈಗ ನಿಮ್ಮನ್ನ ಕರ್ಕೊಂಡು ಹೋಗಿ ಏನ್ ತೋರಿಸ್ಲಿ? ಬ್ಯಾರೆ ಕೇಸು ನೋಡಬೇಕು.'

'ನಮ್ಮ ಅಳಿಯ ಅದಾನ' ಎಂದೆ. 'ನನಗಿಂತ ಚಲೋ ಬಾರ್ಡರ್. ನಾ ಒಂದು ಶಿಫಾರಸು ಪತ್ರಾ ಬರದುಕೊಡ್ತೀನಿ.'

ಹೆಂಡತಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. 'ಡಾಕ್ಟರ, ಸಾಲಿಯಿಂದ ಒಮ್ಮಿ ರಿಟೈರ್ ಆಗಿದ್ರು, ಈಗ ಎರಡನೇ ಸಲಾ ಆದ್ರು. ಈ ಸರ್ವಿಸಿಗೂ ಪೆನ್ಶನ್ ಐತೇನು, ಅದೊಂದು ವಿಚಾರ್ಸಿ ಹೇಳ್ರಿ.'